ಒಂದೇ ಯಂತ್ರ, ಎರಡು ವ್ಯವಸ್ಥೆ

ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ಶರಣಬಂಧುಗಳಲ್ಲಿ ಕೆಲವರು ನಮ್ಮಲ್ಲಿ ಒಂದೇ ಪ್ರಶ್ನೆಯನ್ನು ಕೇಳುತ್ತಿದ್ದಾರೆ. ಮನೆಯ ಗಣಕಯಂತ್ರ ಗಟ್ಟಿಯಾಗಿದೆ. ಆದರೆ ಅದರಲ್ಲಿರುವ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವನ್ನು ಬೇಡುವುದರಿಂದ ಅನೇಕ ಹಳೆಯ ಯಂತ್ರಗಳಿಗೆ ಒಗ್ಗದು. ಹೊಸದನ್ನು ಕೊಳ್ಳಲೇಬೇಕೇ?

ಕೊಳ್ಳಬೇಕಾಗಿಲ್ಲ. ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯು ಬೆಲೆಯಿಲ್ಲದೆ ದೊರೆಯುತ್ತದೆ. ಆದರೆ ಅದಕ್ಕಾಗಿ ಹಳೆಯ ವಿಂಡೋಸನ್ನು ಅಳಿಸಿಬಿಡುವುದು ಸಲ್ಲದೆಂಬುದು ನಮ್ಮ ಅಭಿಪ್ರಾಯ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಅಚ್ಚಿಸಿದ ವಂಶಾವಳಿ, ಪ್ರವಚನ, ಲೇಖನಗಳು ಯೂನಿಕೋಡಿನಲ್ಲಿಲ್ಲ. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನ 1915ರಲ್ಲಿ ಬೆಳಕಿಗೆ ಬಂದಾಗ ಅದನ್ನು ಓದಬಲ್ಲವರಿದ್ದರು; ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು 1837ರಲ್ಲಿಯೇ ಬಿಡಿಸಿದ್ದನು. ಇಪ್ಪತ್ತು ವರ್ಷದ ಹಿಂದೆ ತಂದೆಯವರು ಅಚ್ಚಿಸಿದ ಬರಹವನ್ನು ಮಗನು ಓದಲಾಗದಂತಾಗುವುದು ವಿಚಿತ್ರವಲ್ಲವೇ?

ಆದುದರಿಂದ ಎರಡನ್ನೂ ಇರಿಸಿಕೊಳ್ಳಿರಿ. ಇದಕ್ಕೆ ಡ್ಯುಯಲ್ ಬೂಟ್ ಎನ್ನುತ್ತಾರೆ. ಭತ್ತದ ಗದ್ದೆಗೆ ನಡುವೆ ಬದು ಹಾಕಿದಂತೆ ಹಾರ್ಡ್ ಡಿಸ್ಕನ್ನು ಎರಡು ಪಾಲು ಮಾಡುವುದು. ಮೊದಲು ಎಲ್ಲ ಕಡತಗಳನ್ನೂ ಬೇರೊಂದು ಡಿಸ್ಕಿಗೆ ನಕಲಿಸಿ, ಅದನ್ನು ಇನ್ನೊಂದು ಯಂತ್ರದಲ್ಲಿ ತೆರೆದು ನೋಡಿರಿ. ನೋಡದ ನಕಲು ನಕಲಲ್ಲ. ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಡಿರಿ. ಫಾಸ್ಟ್ ಸ್ಟಾರ್ಟಪ್ ನಿಲ್ಲಿಸಿರಿ. ಅದಿದ್ದರೆ ವಿಂಡೋಸ್ ಪೂರ್ಣವಾಗಿ ಮುಚ್ಚಿರುವುದಿಲ್ಲ. ಜಾಗವನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟಿನಿಂದಲೇ ಕುಗ್ಗಿಸುವುದು ಲೇಸು. ಉಬುಂಟುವಿಗೆ 25 ಜಿಬಿ ಸಾಕೆನ್ನುತ್ತಾರೆ. ನಾವು 50 ಬಿಡಿರೆನ್ನುತ್ತೇವೆ.

ಪೆನ್‌ಡ್ರೈವ್‌ನಿಂದ ಉಬುಂಟುವನ್ನು ಸ್ಥಾಪಿಸದೆಯೂ ನಡೆಸಿ ನೋಡಬಹುದು. ವೈಫೈ, ಪ್ರಿಂಟರ್ ಕೆಲಸ ಮಾಡುವವೋ ಎಂದು ಮೊದಲು ಪರೀಕ್ಷಿಸಿರಿ. ಸ್ಥಾಪಿಸುವಾಗ ಕಾಣುವ ಆಯ್ಕೆಗಳಲ್ಲಿ ವಿಂಡೋಸ್ ಜೊತೆಗೆ ಇರಿಸು ಎಂಬರ್ಥದ್ದನ್ನೇ ಆರಿಸಬೇಕು. ಡಿಸ್ಕನ್ನು ಅಳಿಸು ಎಂಬುದನ್ನು ಒತ್ತಿದರೆ ಎಲ್ಲವೂ ಹೋಯಿತು. ಕರೆಂಟು ನಡುವೆ ಹೋಗುವ ಊರುಗಳಲ್ಲಿ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು.

ಮುಂದೆ ಯಂತ್ರ ಹಚ್ಚಿದಾಗಲೆಲ್ಲ ಗ್ರಬ್ ಎಂಬ ಪಟ್ಟಿ ಯಾವುದು ಬೇಕೆಂದು ಕೇಳುತ್ತದೆ. ಇಂಟರ್ನೆಟ್ಟು, ಬ್ಯಾಂಕು ಉಬುಂಟುವಿನಲ್ಲಿರಲಿ. ವಿಂಡೋಸ್ ಕಡೆಗೆ ಇಂಟರ್ನೆಟ್ ಕೊಡದೆ, ಬಿಡುವಾದಾಗ ಅಲ್ಲಿ ಕುಳಿತು ಹಳೆಯ ಬರಹಗಳನ್ನು ಒಂದೊಂದಾಗಿ ಯೂನಿಕೋಡಿಗೆ ಪರಿವರ್ತಿಸಿ, ಮೂಲದೊಡನೆ ಹೋಲಿಸಿ ಓದಿರಿ. ಪರಿವರ್ತನೆಯಲ್ಲಿ ಒತ್ತಕ್ಷರಗಳು ತಪ್ಪುವುದುಂಟು.