ತಲೆಯೆಣಿಕೆಯೂ ದುಡಿಮೆಯ ಅಳತೆಯೂ

ಒಂದು ದೇಶದಲ್ಲಿ ವರ್ಷವೊಂದಕ್ಕೆ ಉತ್ಪನ್ನವಾಗುವ ಸರಕು ಮತ್ತು ಸೇವೆಗಳ ಮೌಲ್ಯವನ್ನು ದುಡಿಯುವವರ ಸಂಖ್ಯೆಯಿಂದ ಭಾಗಿಸಿದರೆ ದೊರೆಯುವ ಭಾಗಲಬ್ಧವೇ ಶ್ರಮದ ಉತ್ಪಾದಕತೆ. ಶಾಲೆಯ ಬಾಲಕನೂ ಮಾಡಬಲ್ಲ ಲೆಕ್ಕವಿದು. ಆದರೆ ಅಂಶವೆಲ್ಲಿಂದ ಬಂತು, ಛೇದವೆಲ್ಲಿಂದ ಬಂತು ಎಂದು ಕೇಳಿದೊಡನೆ ಲೆಕ್ಕವು ಕಠಿಣವಾಗುತ್ತದೆ. ಈ ಭಾಗಲಬ್ಧವೊಂದನ್ನೇ ಮುಂದಿಟ್ಟುಕೊಂಡು ನಮ್ಮ ದುಡಿಮೆಗಾರನು ಸೋಮಾರಿಯೆಂದು ತೀರ್ಪು ನೀಡುವವರು ಕಡಿಮೆಯಿಲ್ಲವಾದ್ದರಿಂದ, ಅದನ್ನು ಪರೀಕ್ಷಿಸಿ ನೋಡುವುದು ಅವಶ್ಯಕವೆಂದು ನಾನು ಭಾವಿಸುತ್ತೇನೆ.

ಮೊದಲು ಛೇದವನ್ನು ನೋಡೋಣ. ಭಾರತದಲ್ಲಿ ದುಡಿಯುವವರ ಎಣಿಕೆಯನ್ನು 2017-18ರಿಂದ ನಿಯತಕಾಲಿಕ ಶ್ರಮಶಕ್ತಿ ಸಮೀಕ್ಷೆಯು ಮಾಡುತ್ತಿದೆ. ಅದರ ರೂಢಿಯ ಮಾನದಂಡದಂತೆ, ವರ್ಷದಲ್ಲಿ 30 ದಿನ ಉಪವೃತ್ತಿಯಲ್ಲಿ ತೊಡಗಿದವರೂ ದುಡಿಮೆಗಾರರೇ. ರಾಗಿಯ ಹೊಲದಲ್ಲಿ ತಿಂಗಳೊಂದು ಕಾಲ ಕಳೆ ತೆಗೆದವಳೂ, ಮಗ್ಗದ ಮುಂದೆ ಮುನ್ನೂರು ದಿನ ಕುಳಿತವನೂ ಈ ಛೇದದಲ್ಲಿ ತಲಾ ಒಂದೊಂದು! ಇದೇ ಸಮೀಕ್ಷೆಯ ಪ್ರಕಾರ, 15 ವರ್ಷ ಮೀರಿದ ಸ್ತ್ರೀಯರಲ್ಲಿ ಶ್ರಮಶಕ್ತಿಗೆ ಸೇರಿದವರ ಪ್ರಮಾಣವು 2017-18ರಲ್ಲಿ ಶೇಕಡ 23.3 ಇದ್ದದ್ದು 2023-24ರಲ್ಲಿ ಶೇಕಡ 41.7ಕ್ಕೆ ಏರಿತು. ದುಡಿಯುವ ಸ್ತ್ರೀಯರಲ್ಲಿ ಮೂರನೆಯ ಒಂದು ಪಾಲಿಗೂ ಮಿಕ್ಕಿದವರು ಮನೆಯ ಕಸುಬಿನಲ್ಲಿ ಸಂಬಳವಿಲ್ಲದೆ ನೆರವಾಗುವವರು. ಈ ಏರಿಕೆಯಲ್ಲಿ ಹೊಸ ದುಡಿಮೆಯೆಷ್ಟು, ಎಣಿಕೆಯ ಸುಧಾರಣೆಯೆಷ್ಟು ಎಂಬುದರಲ್ಲಿ ಅರ್ಥಶಾಸ್ತ್ರಜ್ಞರಿಗೆ ಒಮ್ಮತವಿಲ್ಲ.

ಇದರಿಂದಾಗುವ ವಿಚಿತ್ರವನ್ನು ಗಮನಿಸಿರಿ. ಹಸುವಿಗೆ ಮೇವು ಹಾಕಿ, ಹಾಲು ಕರೆದು, ಡೈರಿಗೆ ಕಳುಹಿಸುವ ಗೃಹಿಣಿಯೊಬ್ಬಳಿದ್ದಾಳೆ ಎಂದಿಟ್ಟುಕೊಳ್ಳೋಣ. ಹಾಲು ಹಿಂದಿನಿಂದಲೂ ರಾಷ್ಟ್ರೀಯ ಆದಾಯಕ್ಕೆ ಸೇರುತ್ತಿತ್ತು, ಅವಳು ಸೇರಿರಲಿಲ್ಲ. ಈ ವರ್ಷ ಗಣಕನು ಅವಳನ್ನೂ ದುಡಿಮೆಗಾರಳೆಂದು ಬರೆದುಕೊಂಡನು. ಹಾಲು ಒಂದು ಪಾವೂ ಕಡಿಮೆಯಾಗಲಿಲ್ಲ, ಆದರೆ ಉತ್ಪಾದಕತೆ ಇಳಿಯಿತು! ನ್ಯಾಯವಾದ ಎಣಿಕೆಯೇ ಇಲ್ಲಿ ಅವನತಿಯಂತೆ ತೋರುತ್ತದೆ.

ಇನ್ನು ಅಂಶ. ಕಾರ್ಖಾನೆಗೆ ಲೆಕ್ಕಪುಸ್ತಕಗಳುಂಟು. ಬೀದಿಬದಿಯ ದರ್ಜಿಗೆ, ತಳ್ಳುಗಾಡಿಯ ವ್ಯಾಪಾರಿಗೆ ಅವೆಲ್ಲಿ? ಮುಂದೆ 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಸಂಸ್ಥೆಯನ್ನು ಸ್ಥಾಪಿಸಿದ ಡಾ॥ ವಿ. ಕೆ. ಆರ್. ವಿ. ರಾಯರು 1931-32ರ ರಾಷ್ಟ್ರೀಯ ಆದಾಯವನ್ನು ಅಂದಾಜು ಮಾಡಿದಾಗಲೇ ಈ ತೊಡಕನ್ನು ಎದುರಿಸಿದ್ದರು. ಬೆಳೆಯಂಥವನ್ನು ಉತ್ಪನ್ನದಿಂದಲೇ ಅಳೆದು, ಉಳಿದ ಕಸುಬುಗಳಲ್ಲಿ ಜನರ ಸಂಖ್ಯೆಯನ್ನು ಅವರ ಸರಾಸರಿ ಆದಾಯದಿಂದ ಗುಣಿಸಿದರು. 1949ರಲ್ಲಿ ಮಹಲನೊಬಿಸರ ಅಧ್ಯಕ್ಷತೆಯಲ್ಲಿ ನೇಮಕವಾದ ರಾಷ್ಟ್ರೀಯ ಆದಾಯ ಸಮಿತಿಯಲ್ಲಿಯೂ ಅವರು ಸದಸ್ಯರಾಗಿದ್ದರು. 2011-12ನ್ನು ಆಧಾರವರ್ಷವಾಗಿಟ್ಟುಕೊಂಡ ಲೆಕ್ಕದಲ್ಲಿಯೂ ಚಿಕ್ಕ ಕಸುಬುಗಳಿಗೆ ಇಂಥ ಗುಣಾಕಾರವೇ ಆಧಾರ. ಮುಂದಿನ ವರ್ಷಗಳ ಬೆಳವಣಿಗೆಯನ್ನು ಬಹುಮಟ್ಟಿಗೆ ಬೇರೆ ಸೂಚಕಗಳಿಂದ ಊಹಿಸಲಾಯಿತು. ಜನಸಂಖ್ಯೆಯಿಂದ ಗುಣಿಸಿ ಪಡೆದ ಮೊತ್ತವನ್ನು ಮತ್ತೆ ಜನಸಂಖ್ಯೆಯಿಂದಲೇ ಭಾಗಿಸಿದರೆ ದೊರೆಯುವುದೇನು? ನಾವೇ ಹುಂಡಿಗೆ ಹಾಕಿದ ಕಾಸು ನಮ್ಮ ಕೈಗೇ ಹಿಂದಿರುಗುತ್ತದೆ. ಹೀಗೆಂದು ಆ ವಿಧಾನವನ್ನು ಹಳಿಯಲಾಗದು, ಬೇರೆ ದಾರಿ ಸುಲಭವಲ್ಲ. ಆದರೆ ಅದರಿಂದ ಬಂದ ಉತ್ಪಾದಕತೆಯನ್ನು ಅಳತೆಯೆಂದು ಕರೆಯುವುದು ಹೆಚ್ಚಾಯಿತೆಂದು ನನ್ನ ಮತ.

2023-24ರಲ್ಲಿ ದುಡಿಯುವವರಲ್ಲಿ ಸುಮಾರು ಶೇಕಡ 46 ಮಂದಿ ವ್ಯವಸಾಯದಲ್ಲಿದ್ದರು. ಉತ್ಪನ್ನದ ಮೌಲ್ಯದಲ್ಲಿ ವ್ಯವಸಾಯದ ಪಾಲು ಸುಮಾರು ಶೇಕಡ 18. ಭಾಗಿಸಿ ನೋಡಿರಿ: ಇತರ ಕಸುಬಿನವನ ಉತ್ಪನ್ನವು ರೈತನದರ ಸುಮಾರು ನಾಲ್ಕು ಪಟ್ಟು. ರೈತನ ಶ್ರಮ ನಾಲ್ಕನೆಯ ಒಂದು ಪಾಲೆಂದು ಇದರರ್ಥವೇ? ತುಂಡು ಭೂಮಿ, ನೀರಿನ ಅಭಾವ, ಬೆಳೆಯ ಅಗ್ಗದ ಬೆಲೆ ಇವೆಲ್ಲ ಆ ಭಾಗಲಬ್ಧದೊಳಗೆ ಅಡಗಿವೆ. ಬೇಸಗೆಯಲ್ಲಿ ಕೆಲಸವಿಲ್ಲದೆ ಕಳೆಯುವ ದಿನಗಳೂ ಅಲ್ಲಿಯೇ ಇವೆ. ಲಂಡನ್ನಿನ ಕ್ಷೌರಿಕನಿಗೂ ಬೆಂಗಳೂರಿನ ಕ್ಷೌರಿಕನಿಗೂ ಕತ್ತರಿ ಒಂದೇ, ಹೊತ್ತೂ ಒಂದೇ. ನಾಣ್ಯ ವಿನಿಮಯದ ದರದಲ್ಲಿ ಹೋಲಿಸಿದರೆ ಮಾತ್ರ ನಮ್ಮವನು ಬಹಳ ಹಿಂದೆ. ಈ ದೋಷವನ್ನು ತಿದ್ದಲೆಂದೇ 1968ರಲ್ಲಿ ಅಂತರರಾಷ್ಟ್ರೀಯ ಬೆಲೆ ಹೋಲಿಕೆಯ ಕಾರ್ಯ ಆರಂಭವಾಯಿತು.

ತಲೆಗಳಿಗೆ ಬದಲು ದುಡಿದ ಗಂಟೆಗಳನ್ನು ಛೇದದಲ್ಲಿಡಬೇಕೆಂಬುದು ನನ್ನ ಅಭಿಪ್ರಾಯ. ಇದು ಅಸಾಧ್ಯವಲ್ಲ, ಶ್ರಮಶಕ್ತಿ ಸಮೀಕ್ಷೆಯ ಗಣಕರು ವಾರದ ಪ್ರತಿಯೊಂದು ದಿನ ಎಷ್ಟು ಗಂಟೆ ದುಡಿದಿರೆಂದು ಕೇಳುತ್ತಲೇ ಇದ್ದಾರೆ. ಆದರೂ ಒಲೆಯ ಮೇಲೆ ಅನ್ನಕ್ಕಿಟ್ಟು, ನಡುವೆ ಕೊಟ್ಟಿಗೆಗೆ ಹೋಗಿ ಬರುವ ಆ ಗೃಹಿಣಿಯ ಯಾವ ಗಂಟೆಯನ್ನು ಯಾವ ಲೆಕ್ಕಕ್ಕೆ ಹಾಕಬೇಕೆಂಬುದನ್ನು ಆಗಲೂ ಯಾರಾದರೂ ನಿರ್ಣಯಿಸಲೇಬೇಕಾಗುತ್ತದೆ.