'ಬರ್ತೀನಿ ಮಾರಾಯ್ರೆ' ಅನ್ನುವವರು ಯಾವ ಊರಿನವರು?



ನಮ್ಮ ಚಲನಚಿತ್ರಗಳಲ್ಲಿ ಮಂಗಳೂರಿನವನೊಬ್ಬ ಬಂದರೆ ಅವನು ಹೋಟೆಲಿನವನೋ ಅಡುಗೆ ಭಟ್ಟನೋ ಆಗಿರಬೇಕು, ಬಾಯಿ ತೆರೆದರೆ 'ಮಾರಾಯ್ರೆ' ಉದುರಬೇಕು ಎಂಬುದು ಬಹುಕಾಲದ ಕಟ್ಟಳೆ. ಹುಬ್ಬಳ್ಳಿಯವನಾದರೆ ಗಂಟಲು ಹರಿಯುವಂತೆ 'ಲೇ ಮಗನ' ಎನ್ನಬೇಕು. ನಾಯಕ ಮಾತ್ರ ಎಲ್ಲಿ ಹುಟ್ಟಿದ್ದರೂ ಬೆಂಗಳೂರು-ಮೈಸೂರಿನ ಕನ್ನಡವನ್ನೇ ಆಡುತ್ತಾನೆ. ಪ್ರೀತಿಸಲು, ಅಳಲು, ನ್ಯಾಯ ಕೇಳಲು ನಮ್ಮೂರ ಮಾತು ಸಾಲದು, ನಗಿಸಲು ಸಾಕು!

ಹೋಗಲಿ, ಅಣಕವಾದರೂ ಸರಿಯಾಗಿದೆಯೇ? 'ಬರ್ತೀನಿ ಮಾರಾಯ್ರೆ' ಎನ್ನುವ ಮಂಗಳೂರಿನವರನ್ನು ನಾವಿನ್ನೂ ಕಂಡಿಲ್ಲ. ಅಲ್ಲಿ 'ಬರ್ತೇನೆ'. ಗೆಳೆಯನಿಗೆ 'ಮಾರಾಯ', ಗೌರವ ಕೊಡಬೇಕಾದವರಿಗೆ 'ಮಾರಾಯ್ರೆ', ಅದೂ ವಾಕ್ಯಕ್ಕೊಂದರಂತಲ್ಲ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡುವವರು ಶಾಲೆಯಲ್ಲಿ ಕಲಿತ ಕನ್ನಡವಾದ್ದರಿಂದ ಅದು ಪುಸ್ತಕಕ್ಕೆ ಹತ್ತಿರ. ಕುಂದಾಪುರದ 'ಹೋಪುದು, ಬಪ್ಪುದು' ಮನೆಮಾತೇ ಆದ ಬೇರೆ ಕನ್ನಡ. ಸಂಭಾಷಣೆ ಬರೆಯುವ ಅನೇಕರಿಗೆ ಎರಡೂ ಒಂದೇ. ಬಾಗಲಕೋಟೆಯ 'ಐತಿ', ಕಲಬುರಗಿಯ 'ಅದ' ಇವುಗಳಿಗೂ ಹಾಗೆಯೇ ಒಂದೇ ಟೋಪಿ.

ಊರ ಮಾತು ಉಳಿದವರಿಗೆ ತಿಳಿಯುವುದಿಲ್ಲವೆಂಬ ನೆಪ ಇನ್ನು ನಡೆಯದು. 2016ರಲ್ಲಿ ತೆರೆಕಂಡ 'ತಿಥಿ'ಯಲ್ಲಿ ಮಂಡ್ಯ ಕಡೆಯ ಹಳ್ಳಿಗರೇ ತಮ್ಮ ಮಾತಿನಲ್ಲಿ ನಟಿಸಿದರು; ರಾಷ್ಟ್ರಪ್ರಶಸ್ತಿ ಬಂತು. 2022ರ 'ಕಾಂತಾರ'ದಲ್ಲಿ ಕರಾವಳಿಯ ಕನ್ನಡವನ್ನು ಆಡಿದ್ದು ನಾಯಕನೇ. ಬೀದರಿನವರೂ ಕೋಲಾರದವರೂ ನೋಡಲಿಲ್ಲವೇ? ಐರ್ಲೆಂಡಿನವರನ್ನು ನೋಡಿ: 2020ರಲ್ಲಿ 'ವೈಲ್ಡ್ ಮೌಂಟನ್ ಥೈಮ್' ಚಿತ್ರದ ಟ್ರೇಲರಿನಲ್ಲಿ ಹೊರಗಿನ ನಟರು ಅವರ ಧಾಟಿಯನ್ನು ಕೆಡಿಸಿದಾಗ ಬಹಿರಂಗವಾಗಿಯೇ ಗೇಲಿ ಮಾಡಿದರು. ನಾವೋ, ಚಪ್ಪಾಳೆ ತಟ್ಟುತ್ತೇವೆ.

ಕುವೈತಿನಲ್ಲಿರುವ ನಮಗೆ ಇದು ಬರೀ ಸಿನೆಮಾದ ಮಾತಲ್ಲ. ಸಾಲ್ಮಿಯಾ, ಅಬ್ಬಾಸಿಯಾಗಳ ಫ್ಲಾಟುಗಳಲ್ಲಿ ಬೆಳೆಯುವ ಮಕ್ಕಳಿಗೆ ಕನ್ನಡ ಕಿವಿಗೆ ಬೀಳುವುದು ತಂದೆತಾಯಿಯಿಂದ, ಬಿಟ್ಟರೆ ತೆರೆಯಿಂದ. ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿ 'ಎಂತ ಮಗಾ, ಊಟ ಆಯ್ತಾ' ಎಂದರೆ ಕಿಸಕ್ಕನೆ ನಗುವ ಮಕ್ಕಳಿದ್ದಾರೆ. ಆ ನಗುವನ್ನು ಅವರಿಗೆ ಕಲಿಸಿದವರು ಯಾರು?

ವೇದಿಕೆಯ ಕಿರುನಾಟಕಗಳಲ್ಲಾದರೂ ಆಳಿಗೆ ಧಾರವಾಡದ ಮಾತು, ಯಜಮಾನನಿಗೆ ಬೆಂಗಳೂರಿನದು ಎಂಬ ಹಂಚಿಕೆಯನ್ನು ಬಿಡಬೇಕು. ಈ ರಾಜ್ಯೋತ್ಸವಕ್ಕೆ ನಾಟಕ ಬರೆಯುವವರು ಪಾತ್ರ ಯಾವ ಊರಿನದೋ ಆ ಊರಿನ ಸದಸ್ಯರೊಬ್ಬರಿಗೆ ಮೊದಲೇ ಓದಿ ತೋರಿಸಲಿ. ಡಾಕ್ಟರೂ ಮೇಷ್ಟ್ರೂ ಬಾಗಲಕೋಟೆಯ ಕನ್ನಡದಲ್ಲೇ ಮಾತಾಡಲಿ. ನಗಿಸಲೇಬೇಕೆಂದಿದ್ದರೆ ಬೆಂಗಳೂರು ಕನ್ನಡವನ್ನೂ ಒಮ್ಮೆ ಪರೀಕ್ಷಿಸಿ ನೋಡಬಹುದು. ಅದರಲ್ಲೂ ಸಾಕಷ್ಟು ಸರಕಿದೆ.