‘ಕ’ದಿಂದ ಶುರುವಾಗುವ ಕಪ್ಪೆಗಳೆಲ್ಲ ಒಂದೇ ಕುಲವೇ?

ಆಂಧ್ರದ ಗಡಿಗೆ ಅಂಟಿಕೊಂಡ ನಂಗಲಿಯಲ್ಲಿ ಕನ್ನಡದವರು ‘ಕಪ್ಪೆ’ ಅಂದರೆ ತೆಲುಗಿನವರು ‘ಕಪ್ಪ’ ಅನ್ನುತ್ತಾರೆ. ಎರಡಕ್ಕೂ ಮೊದಲಕ್ಷರ ‘ಕ’. ಹಾಗಾದರೆ ಹೆಸರಿನ ಮೊದಲಕ್ಷರ ಒಂದೇ ಆದರೆ ಜೀವಿಗಳೂ ಒಂದೇ ಬಗೆಯವೇ? ನೋಡೋಣ.

ನಮ್ಮ ಮಲೆನಾಡಿನ ಮೂರು ಕಪ್ಪೆಗಳನ್ನು ತೆಗೆದುಕೊಳ್ಳೋಣ: ಕುಂಬಾರ, ಕೆಂಪುಹೊಳೆ, ಕೊಟ್ಟಿಗೆಹಾರ. 2014ರಲ್ಲಿ ವಿಜ್ಞಾನಿಗಳು ಹೆಸರಿಟ್ಟ ಕುಂಬಾರ ಕಪ್ಪೆಯ ಗಂಡು, ಮೊಟ್ಟೆಗಳಿಗೆ ಕೈಯಾರೆ ಮಣ್ಣು ಮೆತ್ತುತ್ತದೆ. ಕೆಂಪುಹೊಳೆಯದು ಅದೇ ಕುಲದ ಇರುಳುಗಪ್ಪೆ. ಕೊಟ್ಟಿಗೆಹಾರದ್ದು ಬೇರೆಯೇ ಕುಟುಂಬ. ಅದರ ಗಂಡು ಹಿಂಗಾಲು ಚಾಚಿ ಬೀಸುವುದರಿಂದ ‘ಕುಣಿಯುವ ಕಪ್ಪೆ’ ಎನ್ನುತ್ತಾರೆ. ಒಂದೇ ಅಕ್ಷರ, ನಂಟು ಬೇರೆ.

ನಂಗಲಿಯ ಸುತ್ತ ಈ ಮೂರೂ ಸಿಗುವುದಿಲ್ಲ. ಬಯಲುಸೀಮೆಯಲ್ಲಿ ಮೊದಲ ಜೋರು ಮಳೆಗೆ ಕಾಣುವುದು ಅರಿಶಿನದಂತೆ ಹಳದಿಯಾದ ದೊಡ್ಡ ಕಪ್ಪೆ, ಅಂದರೆ ಇಂಡಿಯನ್ ಬುಲ್‌ಫ್ರಾಗ್. ಈ ಬಣ್ಣ ವಿಷದ ಗುರುತಲ್ಲ. ಸಂತಾನದ ಕಾಲಕ್ಕೆ ಗಂಡುಗಳು ಹೀಗಾಗುತ್ತವೆ. ಒರಟು ಚರ್ಮದ ನೆಲಗಪ್ಪೆಯ ಕಣ್ಣಿನ ಹಿಂದಿನ ಗ್ರಂಥಿಗಳಲ್ಲಿ ಮಾತ್ರ ವಿಷದ ರಸವಿದೆ, ಮುಟ್ಟಿದರೆ ಕೈ ತೊಳೆದರಾಯಿತು. ಅದನ್ನು ಮುಟ್ಟಿದ್ದಕ್ಕೆ ನರುಲಿ ಬರುವುದಿಲ್ಲ. ನರುಲಿಗೆ ಕಾರಣ ಒಂದು ವೈರಸ್.

ಕಪ್ಪೆಗಳು ಹೊಲದ ಕೀಟಗಳನ್ನು ತಿನ್ನುತ್ತವೆ. 1987ರಲ್ಲಿ ಭಾರತ ಕಪ್ಪೆ ಕಾಲುಗಳ ರಫ್ತನ್ನೇ ನಿಷೇಧಿಸಿತು. ‘ವಿಷದ ಕಪ್ಪೆ, ಕಂಡಲ್ಲಿ ಹೊಡೆಯಿರಿ’ ಎಂಬ ಸಂದೇಶ ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ.